ಕೊಚ್ಚಿಯ ದಡ ಕಲಿಸಿದ ಪಾಠ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಬರುವ ಡಿಸೆಂಬರ್ ರಜೆಯಲ್ಲಿ ಸಂಘದ ಮಕ್ಕಳನ್ನು ಕೊಚ್ಚಿಗೆ ಕರೆದುಕೊಂಡು ಹೋಗಬೇಕೆಂದು ಕಾರ್ಯಕಾರಿ ಸಮಿತಿಯವರು ನಿಶ್ಚಯಿಸಿದ್ದಾರೆ. ನಾನು ತಿರುವನಂತಪುರಕ್ಕೆ ವರ್ಗವಾಗಿ ಬರುವ ಮೊದಲು ಆರು ವರ್ಷ ಮಟ್ಟಾಂಚೇರಿಯ ಒಂದು ಬ್ಯಾಂಕಿನ ಶಾಖೆಯಲ್ಲಿ ಗುಮಾಸ್ತೆಯಾಗಿದ್ದೆ. ಅದೊಂದೇ ಅರ್ಹತೆಯನ್ನು ಹಿಡಿದು ನಮ್ಮ ಕಾರ್ಯದರ್ಶಿಗಳು, "ಹೊರಡುವ ಮುಂಚೆ ಆ ಊರಿನ ವಿಚಾರ ನಾಲ್ಕು ಮಾತು ಹೇಳಿ" ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾನು ಚರಿತ್ರೆ ಓದಿದವನಲ್ಲ, ಓದಿದ್ದು ಬಿ.ಕಾಂ. ಲೆಕ್ಕ ತಪ್ಪಿದರೆ ನಾನೇ ತಿದ್ದಿಕೊಳ್ಳಬಲ್ಲೆ. ಮಾತು ತಪ್ಪಿದರೆ ಸಭೆಯಲ್ಲಿರುವ ಅಧ್ಯಾಪಕರು ತಿದ್ದಬೇಕು.

ನಮ್ಮಲ್ಲಿ ಕೆಲವರು ಹೋಟೆಲಿನ ಕೆಲಸಕ್ಕೆಂದು ಉಡುಪಿ ಕಡೆಯಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಕೆಲವರು ತುಂಬಾದ ಅಂತರಿಕ್ಷ ಕೇಂದ್ರಕ್ಕೆ, ಬ್ಯಾಂಕಿಗೆ, ರೈಲ್ವೆಗೆ ಬಂದವರು. ನನ್ನ ವಿಚಾರ ಸ್ವಲ್ಪ ಬೇರೆ. ನಾನು ಕಾಸರಗೋಡಿನ ಕಡೆಯವನು. ೧೯೫೬ನೆಯ ಇಸವಿ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಅದೇ ದಿನ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ನನ್ನ ಅಜ್ಜ ಮನೆಯ ಜಗಲಿಯಿಂದ ಕೆಳಗಿಳಿಯದೆಯೇ ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಬಂದವರು. ಆದ್ದರಿಂದ ನವೆಂಬರ್ ೧ ಎಂದರೆ ನಮ್ಮ ಮನೆಯಲ್ಲಿ ಹಬ್ಬವೂ ಹೌದು, ಒಂದು ಸಂಕಟವೂ ಹೌದು. ಅಂದು ಬೆಳಿಗ್ಗೆ ಶಾಖೆಯಲ್ಲಿ ಕೇರಳಪ್ಪಿರವಿ. ಜೊತೆಯ ಹೆಂಗಸರು ಕಸವು ಸೀರೆ ಉಟ್ಟು ಬರುತ್ತಾರೆ, ಪಾಯಸ ಹಂಚುತ್ತಾರೆ. ಸಂಜೆ ಇಲ್ಲಿ ರಾಜ್ಯೋತ್ಸವ. ಎರಡು ಕಡೆಯೂ ನಾನುಂಟು. ಎರಡು ಕಡೆಯೂ ಇರುವುದು ಹೇಗೆಂಬುದೇ ಇವತ್ತಿನ ನನ್ನ ಮಾತಿನ ತಿರುಳು.

ಕೊಚ್ಚಿಗೆ ಹೊರಡುವ ಮೊದಲು ಈ ಊರಿನದೇ ಒಂದು ಮಾತು ಹೇಳಬೇಕು. ತಿರುವನಂತಪುರದ ಹೆಸರಿಗೆ ಕಾರಣನಾದ ಅನಂತಪದ್ಮನಾಭನ ಪೂಜೆ ಮಾಡುವ ನಂಬಿಗಳು ಎಲ್ಲಿಯವರು? ನಮ್ಮ ಚಂದ್ರಗಿರಿ ಹೊಳೆಯ ಕಡೆಯವರು. ಹೊಳೆಯ ಬಡಗು ದಡದ ಮನೆತನದವರಿಗೆ 'ಅಕ್ಕರೆ ದೇಶಿ' ಎಂದೂ ತೆಂಕು ದಡದವರಿಗೆ 'ಇಕ್ಕರೆ ದೇಶಿ' ಎಂದೂ ಹೆಸರು. ಕುಂಬಳೆಯ ಹತ್ತಿರದ ಅನಂತಪುರದ ಕೆರೆಯೊಳಗಿನ ದೇವಸ್ಥಾನವೇ ಈ ದೇವರ ಮೂಲಸ್ಥಾನವೆಂದು ನಂಬಿಕೆ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ೨೦೨೨ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರಿಗೆ ಊರೇ ಸೇರಿತ್ತು; ನಮ್ಮ ಮನೆಯವರೂ ಹೋಗಿದ್ದರು. ಒಟ್ಟಿನಲ್ಲಿ ಈ ಊರಿಗೆ ನಾವು ಹೊಸಬರಲ್ಲ. ನಮಗಿಂತ ಎಷ್ಟೋ ಮುಂಚೆ ನಮ್ಮ ಕಡೆಯವರು ಇಲ್ಲಿಗೆ ದೀಪ ಹಚ್ಚಲು ಬಂದಿದ್ದಾರೆ.

ಇನ್ನು ಕೊಚ್ಚಿ. ಇಲ್ಲಿಂದ ಬೆಳಗಿನ ರೈಲು ಹತ್ತಿದರೆ ಸುಮಾರು ಇನ್ನೂರು ಕಿಲೋಮೀಟರು. ಊಟದ ಹೊತ್ತಿಗೆ ಎರ್ನಾಕುಳ ಮುಟ್ಟಬಹುದು. ಎರ್ನಾಕುಳ ಬೇರೆ, ಹಳೆಯ ಕೊಚ್ಚಿ ಬೇರೆ, ನಡುವೆ ಹಿನ್ನೀರು. ಈ ಊರುಗಳೆಲ್ಲ ಸೇರಿ ಒಂದೇ ನಗರಸಭೆಯಾದದ್ದು ೧೯೬೭ರಲ್ಲಿ. ಅದೂ ನವೆಂಬರ್ ೧ರಂದೇ. ರಸ್ತೆಯಿಂದ ಹೋಗಲು ಸೇತುವೆಗಳಿವೆ. ಆದರೆ ಮಕ್ಕಳನ್ನು ದಯವಿಟ್ಟು ದೋಣಿಯಲ್ಲಿಯೇ ಕರೆದುಕೊಂಡು ಹೋಗಿ. ಸರಕಾರದ ಹಳೆಯ ದೋಣಿಗಳೂ ಉಂಟು, ೨೦೨೩ರಿಂದ ಆರಂಭವಾದ ವಿದ್ಯುತ್ತಿನ ಜಲಮೆಟ್ರೋ ದೋಣಿಗಳೂ ಉಂಟು. ನೀರಿನ ಮೇಲಿಂದ ನೋಡಿದರೆ ಮಾತ್ರ ಈ ಊರು ಇಲ್ಲಿ ಏಕೆ ಹುಟ್ಟಿತೆಂಬುದು ತಿಳಿಯುತ್ತದೆ.

ಹುಟ್ಟಿದ್ದು ಒಂದು ನೆರೆಯಿಂದ. ಪೂರ್ವಕಾಲದಲ್ಲಿ ಯವನರ ಹಡಗುಗಳು ಕರಿಮೆಣಸಿಗಾಗಿ ಬರುತ್ತಿದ್ದ ಮುಸಿರಿಸ್ ಬಂದರು ಕೊಡುಂಗಲ್ಲೂರಿನ ಕಡೆ ಇತ್ತು. ೧೩೪೧ರಲ್ಲಿ ಪೆರಿಯಾರ್ ಹೊಳೆಗೆ ಮಹಾಪ್ರವಾಹ ಬಂದು ಆ ಅಳಿವೆ ಹೂಳಿಹೋಯಿತು. ತೆಂಕಣಕ್ಕೆ ಕೊಚ್ಚಿಯ ಬಾಯಿ ತೆರೆಯಿತು ಎನ್ನುತ್ತಾರೆ. ಒಂದು ಊರಿನ ಬಾಗಿಲು ಮುಚ್ಚಿ ಇನ್ನೊಂದು ಊರಿನ ಬಾಗಿಲು ತೆರೆದದ್ದು ಒಂದೇ ಮಳೆಗಾಲದ ಕೆಲಸ. ತೆರೆದ ಬಾಗಿಲಿನಲ್ಲಿ ಯಾರು ಯಾರು ಬಂದರು! ೧೫೦೦ರಲ್ಲಿ ಕಬ್ರಾಲನ ಹಡಗುಗಳೊಡನೆ ಪೋರ್ಚುಗೀಸರು. ೧೬೬೩ರಲ್ಲಿ ಅವರನ್ನು ಸೋಲಿಸಿ ಡಚ್ಚರು. ೧೭೯೫ರಲ್ಲಿ ಡಚ್ಚರ ಕೈಯಿಂದ ಕಿತ್ತುಕೊಂಡು ಇಂಗ್ಲಿಷರು. ಎಲ್ಲರೂ ಬಂದದ್ದು ಕರಿಮೆಣಸಿಗೆ. ನಮ್ಮ ಕಡೆ ಅದಕ್ಕೆ ಒಳ್ಳೆಮೆಣಸು ಎನ್ನುತ್ತೇವೆ, ಇಲ್ಲಿಯವರೂ ನಲ್ಲಮುಳಗ್ ಎನ್ನುವುದುಂಟು. ಒಳ್ಳೆಯದಕ್ಕೆ ಜಗಳ ಹೆಚ್ಚು. ಉಳ್ಳಾಲದ ಅಬ್ಬಕ್ಕ ರಾಣಿಯ ಮೇಲೆ ಏರಿ ಬಂದವರೂ, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದವರೂ ಇದೇ ಪೋರ್ಚುಗೀಸರೇ. ನಮ್ಮ ಬಸ್ರೂರಿನ ಅಕ್ಕಿ ಹಡಗಿನಲ್ಲಿ ಮಲಬಾರಿಗೆ ಬರುತ್ತಿತ್ತು. ಕರಾವಳಿಯ ಲೆಕ್ಕಪುಸ್ತಕ ಒಂದೇ. ಪುಟಗಳು ಮಾತ್ರ ಬೇರೆ ಬೇರೆ.

ದೋಣಿ ಇಳಿದು ಕೋಟೆಕೊಚ್ಚಿಯ ದಡಕ್ಕೆ ಬಂದರೆ ಚೀನೀ ಬಲೆಗಳು ಕಾಣುತ್ತವೆ. ಉದ್ದುದ್ದ ಮರದ ತೊಲೆಗಳಿಗೆ ಬಲೆ ಕಟ್ಟಿ, ಇನ್ನೊಂದು ತುದಿಗೆ ಹಗ್ಗದಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ತೂಗಹಾಕಿದ್ದಾರೆ. ನಾಲ್ಕಾರು ಜನ ಸೇರಿ ಎಳೆದರೆ ಇಡೀ ಬಲೆ ತಕ್ಕಡಿಯ ತಟ್ಟೆಯಂತೆ ನೀರಿನಿಂದ ಮೇಲೇಳುತ್ತದೆ. ಚೀನಾದಿಂದ ನೇರವಾಗಿ ಬಂದದ್ದೆಂದು ಕೆಲವರು, ಮಕಾವಿನಿಂದ ಪೋರ್ಚುಗೀಸರು ತಂದದ್ದೆಂದು ಕೆಲವರು. ಎಳೆಯುವ ಕೈ ಮಾತ್ರ ಮಲೆಯಾಳಿಗಳದು. ಅಲ್ಲಿಂದ ಐದು ನಿಮಿಷ ನಡೆದರೆ ಸಂತ ಫ್ರಾನ್ಸಿಸರ ಇಗರ್ಜಿ. ೧೫೦೩ರಲ್ಲಿ ಮರದಲ್ಲಿ ಕಟ್ಟಿದ್ದು, ಆಮೇಲೆ ಕಲ್ಲಿನದಾಯಿತು. ವಾಸ್ಕೋ ಡ ಗಾಮ ೧೫೨೪ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಸತ್ತಾಗ ಅವನನ್ನು ಹೂಳಿದ್ದು ಇಲ್ಲಿ. ಹದಿನಾಲ್ಕು ವರ್ಷಗಳ ಬಳಿಕ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು, ಕಲ್ಲು ಉಳಿದಿದೆ. ಮಕ್ಕಳು ಮೇಲೆ ನೋಡಲಿ: ಹಗ್ಗ ಎಳೆದು ಬೀಸುತ್ತಿದ್ದ ಬಟ್ಟೆಯ ಪಂಖಗಳು ಇಂದೂ ತೂಗುತ್ತಿವೆ.

ಪೋರ್ಚುಗೀಸರು ಹೋದರು; ಅವರ ಮಾತು ನಮ್ಮ ಮನೆಯೊಳಗೇ ಕುಳಿತಿದೆ. ಚಾವಿ, ಇಸ್ತ್ರಿ, ಪಾದ್ರಿ, ಅನಾನಸು, ಇವೆಲ್ಲ ಅವರು ತಂದ ಮಾತುಗಳು. ನನಗೆ ಹೆಚ್ಚು ಸೋಜಿಗವೆನಿಸಿದ್ದು ಇನ್ನೊಂದು. ಅಡವಿಟ್ಟ ಚಿನ್ನವನ್ನು ಬಿಡಿಸದಿದ್ದರೆ ಬ್ಯಾಂಕಿನವರು ಮಾಡುವ ಕೆಲಸಕ್ಕೆ ಮಲೆಯಾಳದಲ್ಲಿ 'ಲೇಲಂ' ಎಂದು ಹೆಸರು. ನಮ್ಮ ಊರಿನಲ್ಲಿ 'ಏಲಂ'. ಎರಡೂ ಪೋರ್ಚುಗೀಸರ ಒಂದೇ ಮಾತಿನ ಮಕ್ಕಳು. ಆರು ವರ್ಷ ದಿನಾ ಆ ಮಾತನ್ನು ನೋಟೀಸಿನಲ್ಲಿ ಬರೆದೆ; ಅದರ ಹುಟ್ಟು ತಿಳಿದದ್ದು ಒಬ್ಬ ಗಿರಾಕಿ ಹೇಳಿದಾಗ.

ಮುಂದೆ ಮಟ್ಟಾಂಚೇರಿ. ನಾನು ಕೆಲಸ ಮಾಡಿದ ಬೀದಿಗಳು. ಚೀಲ ಹೊತ್ತ ಕೂಲಿಯವರು, ಶುಂಠಿ ಒಣಗಿಸಿದ ಅಂಗಳಗಳು, ಏಲಕ್ಕಿಯ ವಾಸನೆ. ೧೯೫೭ರಲ್ಲಿ ಇಲ್ಲಿ ಕರಿಮೆಣಸಿನ ವಾಯಿದೆ ವ್ಯಾಪಾರದ ಸಂಘ ಆರಂಭವಾಯಿತು. ದರ ಕೂಗುವ ಗದ್ದಲ ಬೀದಿಗೆ ಕೇಳುತ್ತಿತ್ತೆಂದು ಹಳಬರು ಹೇಳುತ್ತಿದ್ದರು. ನಾನು ಹೋಗುವ ಹೊತ್ತಿಗೆ ಆ ಕೂಗು ನಿಂತು ಗಣಕಯಂತ್ರ ಬಂದಿತ್ತು. ನನ್ನ ಕಿಟಕಿಯ ಮುಂದೆ ಒಂದು ಬೆಳಿಗ್ಗೆ ನಿಲ್ಲುವ ಸಾಲನ್ನು ಹೇಳುತ್ತೇನೆ: ಗುಜರಾತಿ ಸೇಠರು, ಕಚ್ಛೀ ಮೇಮಣರು, ಕೊಂಕಣಿಗರು, ಲತೀನ್ ಕ್ರೈಸ್ತರು, ತಮಿಳು ಮಾತನಾಡುವ ಅಗಸರು, ದಖನಿ ಮಾತಿನ ಮುಸಲ್ಮಾನರು. ಕೆಲವೇ ಮೈಲಿ ಸುತ್ತಳತೆಯಲ್ಲಿ ಮೂವತ್ತರಷ್ಟು ಸಮುದಾಯಗಳಿವೆಯೆಂದು ಅಲ್ಲಿಯವರ ಲೆಕ್ಕ. ಪಾಸುಪುಸ್ತಕಕ್ಕೆ ಎಲ್ಲರದೂ ಮಲೆಯಾಳ. ಹಿಂದೆ ತಿರುಗಿ ಹೆಂಡತಿಯೊಡನೆ ಪಿಸುಗುಟ್ಟುವಾಗ ಅವರವರ ಮಾತು. ಆ ಪಿಸುಮಾತನ್ನು ಕೇಳುತ್ತ ಕೇಳುತ್ತ ನನಗೆ ನನ್ನ ಮನೆಯ ನೆನಪಾಗುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮಟ್ಟಾಂಚೇರಿಯ ಅರಮನೆಯನ್ನು ೧೫೫೫ರ ಸುಮಾರಿಗೆ ಪೋರ್ಚುಗೀಸರು ಕಟ್ಟಿಸಿ ರಾಜನಿಗೆ ಕೊಟ್ಟರು. ಡಚ್ಚರು ದುರಸ್ತಿ ಮಾಡಿಸಿ ತಮ್ಮ ಹೆಸರು ಉಳಿಸಿಕೊಂಡರು. ಒಳಗಿನ ಗೋಡೆಗಳ ಮೇಲೆ ರಾಮಾಯಣದ ಕಥೆ ಬಣ್ಣದಲ್ಲಿ ಬರೆದಿದೆ. ಅರಮನೆಯ ಮಗ್ಗುಲಲ್ಲಿ ರಾಜನ ದೇವಿಯ ಗುಡಿ. ಗುಡಿಗೆ ಸೇರಿದಂತೆಯೇ ಯೆಹೂದ್ಯರ ಸಿನಗಾಗ್. ಕೊಡುಂಗಲ್ಲೂರನ್ನು ಬಿಟ್ಟು ಬಂದ ಯೆಹೂದ್ಯರಿಗೆ ಕೊಚ್ಚಿಯ ರಾಜ ತನ್ನ ಗೋಡೆಯ ಪಕ್ಕದಲ್ಲಿಯೇ ಜಾಗ ಕೊಟ್ಟ. ೧೫೬೮ರಲ್ಲಿ ಅವರು ಪ್ರಾರ್ಥನಾಮಂದಿರ ಕಟ್ಟಿದರು. ಚೀನಾದಿಂದ ತರಿಸಿದ, ಕೈಯಿಂದ ನೀಲಿ ಚಿತ್ರ ಬರೆದ ಹಂಚುಗಳ ನೆಲ. ೧೭೬೦ರಲ್ಲಿ ಎದ್ದ ಗಡಿಯಾರದ ಗೋಪುರ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ೧೯೬೮ರಲ್ಲಿ ನಾನೂರು ವರ್ಷ ತುಂಬಿದಾಗ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು, ಅಂಚೆಚೀಟಿಯೂ ಹೊರಟಿತು.

ಆದರೆ ಆ ಹೊತ್ತಿಗಾಗಲೇ ಮನೆಗಳು ಖಾಲಿಯಾಗುತ್ತಿದ್ದವು. ೧೯೪೮ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೊಚ್ಚಿಯ ಯೆಹೂದ್ಯರು ಒಂದೊಂದೇ ಕುಟುಂಬವಾಗಿ ಹೊರಟುಹೋದರು. ಯಾರೂ ಓಡಿಸಿದ್ದಲ್ಲ, ತಾವು ಶತಮಾನಗಳಿಂದ ಪ್ರಾರ್ಥಿಸಿದ ನಾಡಿಗೆ ತಾವೇ ಹೋದರು. ಅವರಲ್ಲಿ ಸಾಮೂಹಿಕ ಪ್ರಾರ್ಥನೆಗೆ ವಯಸ್ಸಿಗೆ ಬಂದ ಹತ್ತು ಮಂದಿ ಗಂಡಸರು ಬೇಕು. ಈಗ ಆ ಬೀದಿಯಲ್ಲಿ ಹತ್ತು ಮಂದಿ ಇಲ್ಲ. ದೀಪದ ಗುಚ್ಛಗಳು ಹೊಳೆಯುತ್ತವೆ, ನೆಲ ಹೊಳೆಯುತ್ತದೆ, ನೋಡುವವರು ಚೀಟಿ ಕೊಂಡು ಬರುತ್ತಾರೆ.

ಇದಕ್ಕೆ ಇನ್ನೊಂದು ಮುಖವುಂಟು. ಆ ಯೆಹೂದಿ ಹೆಂಗಸರು ಮದುವೆಗೆ, ಹಬ್ಬಕ್ಕೆ ಮಲೆಯಾಳದಲ್ಲಿ ಹಾಡು ಹೇಳುತ್ತಿದ್ದರು. ಹಾಡುಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟು ತಾಯಿ ಮಗಳಿಗೆ ಕೊಡುತ್ತಿದ್ದಳು. ಹಡಗು, ವಿಮಾನ ಹತ್ತುವಾಗ ಆ ಪುಸ್ತಕಗಳು ಪೆಟ್ಟಿಗೆಯೊಳಗೆ ಹೋದವು. ಬಿಟ್ಟುಹೋದದ್ದು ಕಟ್ಟಡ, ಒಯ್ದದ್ದು ಹಾಡಿನ ಪುಸ್ತಕ. ಈ ಮಾತನ್ನು ಕೇಳಿದ ದಿನ ನಾನು ಲೆಕ್ಕ ಕೂಡುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ.

ಇನ್ನು ಕೊಂಕಣಿಗರ ಚೆರ್ಲಾಯಿ. ಮಂಗಳೂರು, ಕುಮಟೆ, ಭಟ್ಕಳಗಳ ಕೊಂಕಣಿ ಕುಟುಂಬಗಳನ್ನು ನಾವು ಬಲ್ಲೆವು. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ದೇವರ ಮೂರ್ತಿಗಳನ್ನು ಎತ್ತಿಕೊಂಡು ತೆಂಕಣಕ್ಕೆ ಹೊರಟವರಲ್ಲಿ ಒಂದು ಪಾಲು ನಮ್ಮ ಕರಾವಳಿಯಲ್ಲಿ ನಿಂತಿತು, ಒಂದು ಪಾಲು ಕೊಚ್ಚಿಗೆ ಬಂತು. ಅಲ್ಲಿ ತಿರುಮಲ ದೇವಸ್ವದ ದೇವಸ್ಥಾನ ಕಟ್ಟಿದರು, ಅಂಗಡಿ ತೆರೆದರು. ಬಂದವರು ಬರಿಗೈಯಲ್ಲಿ ಕುಳಿತುಕೊಳ್ಳಲಿಲ್ಲ. ಡಚ್ಚರ ಅಧಿಕಾರಿ ವಾನ್ ರೀಡೆ ಮಲಬಾರಿನ ಗಿಡಮೂಲಿಕೆಗಳ ಮೇಲೆ 'ಹೊರ್ತುಸ್ ಮಲಬಾರಿಕುಸ್' ಎಂಬ ದೊಡ್ಡ ಗ್ರಂಥ ಮಾಡಿಸಿದ. ೧೬೭೮ರಿಂದ ೧೬೯೩ರ ವರೆಗೆ ಆಮ್ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಏಳುನೂರಕ್ಕೂ ಮಿಕ್ಕ ಗಿಡಗಳ ವಿವರ ಅದರಲ್ಲುಂಟು. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯರು, ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಆ ಮೂವರು ೧೬೭೫ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿ ನಾಗರಿ ಅಕ್ಷರದ ಕೊಂಕಣಿಯಲ್ಲಿಯೇ ಅಚ್ಚಾಗಿದೆ. ಊರಿಗೆ ತಮ್ಮ ವಿದ್ಯೆ ಕೊಟ್ಟರು. ಸಹಿಯನ್ನು ತಮ್ಮ ಮಾತಿನಲ್ಲಿ ಹಾಕಿದರು.

ಈ ಹಟ ಅಲ್ಲಿಗೇ ನಿಲ್ಲಲಿಲ್ಲ. ೧೯೬೬ರಲ್ಲಿ ಕೊಚ್ಚಿಯಲ್ಲಿ ಕೊಂಕಣಿ ಭಾಷಾ ಪ್ರಚಾರ ಸಭೆ ಹುಟ್ಟಿತು. ಅದನ್ನು ಕಟ್ಟಿದ ಎನ್. ಪುರುಷೋತ್ತಮ ಮಲ್ಯರು ಕೊಂಕಣಿಯ ಮನ್ನಣೆಗಾಗಿ ಬಹಳ ದುಡಿದರು. ೧೯೭೫ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ, ೧೯೯೨ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಸ್ಥಾನ ಕೊಂಕಣಿಗೆ ದೊರೆತವು. ಗೋವೆಯಿಂದ ಇಷ್ಟು ದೂರದ ಒಂದು ಪೇಟೆಯವರೂ ಅದಕ್ಕೆ ಹೆಗಲು ಕೊಟ್ಟಿದ್ದರು.

ಈಗ ನನ್ನ ಮನೆಯ ಮಾತು. ಹೇಳಲು ಸಂಕೋಚ, ಆದರೂ ಹೇಳುತ್ತೇನೆ.

ನನ್ನ ಮಗಳನ್ನು ಎರ್ನಾಕುಳದಲ್ಲಿ ಶಾಲೆಗೆ ಹಾಕಿದಾಗ, "ಮನೆಯಲ್ಲಿ ಮಲೆಯಾಳವನ್ನೋ ಇಂಗ್ಲಿಷನ್ನೋ ಮಾತನಾಡಿ, ಮಗು ಬೇಗ ಕಲಿಯುತ್ತದೆ" ಎಂದು ಅಧ್ಯಾಪಿಕೆಯೊಬ್ಬರು ಹೇಳಿದರು. ಅವರದೇನೂ ತಪ್ಪಲ್ಲ, ಒಳ್ಳೆಯದಕ್ಕೇ ಹೇಳಿದರು. ತಪ್ಪು ನನ್ನದು. ಕಾಸರಗೋಡಿನಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಮಲೆಯಾಳ ತಡವಾಗಿ ಕಲಿತು, ಪರೀಕ್ಷೆಗಳಲ್ಲಿ ನಾನು ಪಟ್ಟ ಪಾಡು ಇವಳಿಗೆ ಬೇಡವೆಂದು ಮನೆಯ ಕನ್ನಡವನ್ನು ನಾನೇ ಬದಿಗಿಟ್ಟೆ. ನನ್ನ ಹೆಂಡತಿ ಬೇಡವೆಂದಳು, ನಾನು ಕೇಳಲಿಲ್ಲ. ಎರಡು ವರ್ಷದಲ್ಲಿ ಮಗಳು ತರಗತಿಗೆ ಮೊದಲಿಗಳಾದಳು. ನಾನು ಹಿಗ್ಗಿದೆ.

ಆಮೇಲೆ ಅಮ್ಮ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದರು. ಒಂದು ತಿಂಗಳು ಇದ್ದರು. ಅಮ್ಮನಿಗೆ ಕನ್ನಡ, ತುಳು, ನೆರೆಮನೆಯವರಿಂದ ಕಲಿತ ಕೊಂಕಣಿ, ಇಷ್ಟು ಬರುತ್ತದೆ, ಮಲೆಯಾಳ ಅಷ್ಟಕ್ಕಷ್ಟೆ. ಹಗಲಿಡೀ ಅಜ್ಜಿ ಒಂದು ಮೂಲೆ, ಮೊಮ್ಮಗಳು ಒಂದು ಮೂಲೆ. ಅಜ್ಜಿ ಕಥೆ ಆರಂಭಿಸಿದರೆ ಮಗು ತಾಳ್ಮೆಯಿಂದ ಕುಳಿತು, ಮುಗಿದ ಮೇಲೆ ನನ್ನ ಮುಖ ನೋಡುತ್ತಿತ್ತು. ಒಂದು ರಾತ್ರಿ ಅಮ್ಮ, "ಎಂತ ಮಗಾ, ಇವಳು ನಾನು ಎಂತ ಹೇಳಿದರೂ ತಲೆಯಾಡಿಸ್ತಾಳೆ ಅಷ್ಟೆ. ಬ್ಯಾಂಕಿಗೆ ಬಂದವರ ಹಾಗೆ ಕೂತುಕೊಳ್ತಾಳೆ" ಎಂದರು. ನಗುತ್ತಲೇ ಹೇಳಿದರು. ನನಗೆ ನಿದ್ದೆ ಬರಲಿಲ್ಲ.

ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಒಂದು ಭಾನುವಾರ ಎಲ್ಲರೂ ದೋಣಿ ಹತ್ತಿ ಮಟ್ಟಾಂಚೇರಿಗೆ ಹೋದೆವು. ಚೆರ್ಲಾಯಿಯಲ್ಲಿ ದೇವರ ದರ್ಶನ ಮಾಡಿ ಹೊರಗೆ ಬಂದರೆ, ಒಂದು ಮನೆಯ ಮುಂದೆ ಒಬ್ಬ ಮುದುಕಿ ಹಪ್ಪಳ ಮಾರುತ್ತಿದ್ದರು. ಅಮ್ಮ ಸುಮ್ಮನೆ ಕೊಂಕಣಿಯಲ್ಲಿ ದರ ಕೇಳಿದರು. ಆ ಮುದುಕಿ ತಲೆಯೆತ್ತಿ ನೋಡಿದರು. ಅಷ್ಟೆ! ಇಬ್ಬರಿಗೂ ಅರ್ಧ ಗಂಟೆ ಲೋಕದ ಪರಿವೆ ಇರಲಿಲ್ಲ. ಇವರ ಕೊಂಕಣಿ ಅವರಿಗೆ ನಗು, ಅವರ ಕೊಂಕಣಿ ಇವರಿಗೆ ನಗು. ಉದ್ದು, ಉಪ್ಪು, ಇಂಗು, ಸೊಸೆಯಂದಿರು, ಮೊಣಕಾಲು ನೋವು, ಎಲ್ಲ ಬಂದುಹೋಯಿತು. ಒಂದು ತಿಂಗಳು ನಮ್ಮ ಮನೆಯಲ್ಲಿ ಮಾತಿಲ್ಲದೆ ಕುಳಿತಿದ್ದ ಅಮ್ಮ ಅವರೇ ಎಂದು ನಂಬುವುದು ಕಷ್ಟವಾಯಿತು. ಅಷ್ಟರಲ್ಲಿ ಆ ಮನೆಯ ಮೊಮ್ಮಗ ಶಾಲೆಯ ಚೆಂಡು ಹಿಡಿದು ಬಂದ. ನನ್ನ ಮಗಳೊಡನೆ ಮಲೆಯಾಳದಲ್ಲಿ ಮಾತನಾಡಿದ, ಅಜ್ಜಿಯೊಡನೆ ಕೊಂಕಣಿಯಲ್ಲಿ ನೀರು ಕೇಳಿದ.

ಹಿಂದಿರುಗುವಾಗ ದೋಣಿಯಲ್ಲಿ ಮಗಳು ಕೇಳಿದಳು, ಮಲೆಯಾಳದಲ್ಲಿ: "ಅವರು ಯಾವಾಗ ಬಂದರು?" ನಾನೂರು ವರ್ಷಕ್ಕೂ ಮೇಲಾಯಿತು ಎಂದೆ. "ನಾವು?" ಆರು ವರ್ಷ ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಬಂಧುಗಳೆ, ಎರಡು ಬೀದಿಗಳ ಕಥೆ ಹೇಳಿದೆ. ಒಂದರಲ್ಲಿ ಚೀನಾದ ಹಂಚಿನ ನೆಲವಿದೆ, ಹತ್ತು ಮಂದಿ ಇಲ್ಲ. ಇನ್ನೊಂದರಲ್ಲಿ ಹಪ್ಪಳದ ಚಾಪೆಯಿದೆ, ಅಜ್ಜಿಯ ಮಾತು ಮೊಮ್ಮಗನ ಬಾಯಲ್ಲಿದೆ. ನಾವು ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದು ಬಹಳ ಕಾಲದಿಂದ ಹಣ ಕೂಡಿಸುತ್ತಿದ್ದೇವೆ. ಬೇಕು, ಬೇಡವೆನ್ನುವುದಿಲ್ಲ, ಗುಮಾಸ್ತೆಯಾದ ನಾನು ಠೇವಣಿಯನ್ನು ಅಲ್ಲಗಳೆಯಲಾರೆ. ಆದರೆ ಹೆಸರಿನ ಹಲಗೆಯನ್ನು ನಂಬಿ ಕೂರಬಾರದು. ೨೦೧೭ರ ಏಪ್ರಿಲ್ ೧ರಂದು ಮೈಸೂರು ಬ್ಯಾಂಕೂ ತಿರುವಾಂಕೂರು ಬ್ಯಾಂಕೂ ಒಂದೇ ದಿನ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದವು. ಎರಡು ರಾಜ್ಯಗಳ ಹೆಸರು ಹೊತ್ತ ಹಲಗೆಗಳನ್ನು ಇಳಿಸಲು ಒಂದು ಏಣಿ ಸಾಕಾಯಿತು. ಮಾತು ಹಾಗಲ್ಲ. ಅದನ್ನು ಯಾರೂ ಏಣಿ ಹಾಕಿ ಇಳಿಸಲಾರರು. ನಾವೇ ಮನೆಯೊಳಗೆ ಬದಿಗಿಟ್ಟರೆ ಮಾತ್ರ ಹೋಗುತ್ತದೆ. ನಾನು ಇಟ್ಟು ನೋಡಿದವನು.

ಮಲೆಯಾಳವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅನ್ನ ಕೊಟ್ಟ ನಾಡಿನ ಮಾತನ್ನು ಚೆನ್ನಾಗಿ ಕಲಿಯದಿರುವುದು ಕೃತಘ್ನತೆ. ಚೆರ್ಲಾಯಿಯ ಹುಡುಗ ಎರಡನ್ನೂ ಆಡುತ್ತಿದ್ದ. ಯಾವುದೂ ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಅಡ್ಡ ಬರುತ್ತದೆಂಬ ಭಯ ದೊಡ್ಡವರಾದ ನಮ್ಮದು.

ಆದ್ದರಿಂದ ಪ್ರವಾಸದ ವಿಚಾರದಲ್ಲಿ ನನ್ನ ಸೂಚನೆಗಳು ಇಷ್ಟೆ. ಶುಕ್ರವಾರ ಅರಮನೆಗೆ ರಜೆ, ಶನಿವಾರ ಯೆಹೂದ್ಯರ ವಿಶ್ರಾಂತಿ ದಿನ, ಭಾನುವಾರ ಹೋಗೋಣ. ಬಲೆ, ಇಗರ್ಜಿ, ಅರಮನೆ, ಸಿನಗಾಗ್ ನೋಡಿ, ಚೆರ್ಲಾಯಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ. ಮಕ್ಕಳು ಕಿವಿ ತೆರೆದು ಕೇಳಲಿ. ಹಿಂದಿರುಗಿದ ಮೇಲೆ ಪ್ರತಿ ಮಗುವೂ ಊರಿನ ಅಜ್ಜನಿಗೋ ಅಜ್ಜಿಗೋ ಕನ್ನಡದಲ್ಲಿ ಒಂದು ಕಾಗದ ಬರೆಯಲಿ. ಅಕ್ಷರ ಬಾರದವರಿಗೆ ಶನಿವಾರ ಸಂಜೆ ಒಂದು ಗಂಟೆ ಕಲಿಸಲು ನಾನೂ ನನ್ನ ಹೆಂಡತಿಯೂ ಸಿದ್ಧ. ಸಂಘ ಒಂದು ಕೋಣೆಯನ್ನೂ ಕರಿಹಲಗೆಯನ್ನೂ ಕೊಡಲಿ.

ನನ್ನ ಮಗಳು ಕಳೆದ ತಿಂಗಳು ಅಜ್ಜಿಗೆ ಮೊದಲನೆಯ ಕಾಗದ ಬರೆದಳು. ನಾಲ್ಕೇ ಸಾಲು. 'ಅಜ್ಜಿ, ನಾನು ಬರುವಾಗ ಹಪ್ಪಲ ತರುತ್ತೇನೆ' ಎಂದಿತ್ತು. ಕಾಗದ ಮುಟ್ಟಿದ ದಿನವೇ ಅಮ್ಮ ಫೋನು ಮಾಡಿ ಅವಳನ್ನೇ ಕರೆಸಿ ಹೇಳಿದರು: "ಮಗಾ, ಹಪ್ಪಲ ನನಗೆ ಬೇಡ. ಹಪ್ಪಳ ಆದರೆ ತಾ." ಮಗಳು ನಕ್ಕಳು. ಏಕೆ ನಕ್ಕಳೆಂದರೆ, ಅವಳಿಗೆ ಅರ್ಥವಾಯಿತು.